ಸುಬ್ರತೊ ಕಪ್ ಆಡಲು ಹೊರಟ ಮಗಳಿಗೊಂದು ಪತ್ರ

ಬೆಳಗಾವಿ

ಚಿರಂಜೀವಿ ಅಕ್ಷತಾಗೆ ಅವ್ವನ ಅನೇಕ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ. ನಿಮ್ಮ ಶಾಲೆಯ ಹುಡುಗಿಯರ ತಂಡ ಜಿಲ್ಲಾ ಮಟ್ಟದಲ್ಲಿ ಗೆದ್ದು ವಿಭಾಗ ಮಟ್ಟದ ಸುಬ್ರತೊ ಕಪ್ ಫುಟ್‌ಬಾಲ್ ಪಂದ್ಯಗಳಿಗೆ ಹೊರಟಿರುವ ಸುದ್ದಿಯನ್ನು ನಿಮ್ಮ ದೈಹಿಕ ಶಿಕ್ಷಕರು ತಿಳಿಸಿದಾಗಿನಿಂದ ನಿನ್ನ ಅಪ್ಪ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ. ಸುಬ್ರತೊ ಎಂದರೆ ಯಾರು, ಫುಟ್‌ಬಾಲ್ ಆಟಗಾರರೇ ಎಂದು ನೀನು ಫೋನಿನಲ್ಲಿ ಕೇಳಿದೆ. ಹಾಸ್ಟೆಲಿನ ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ಉತ್ತರ ಅದಲ್ಲವಾದ್ದರಿಂದ ಬರೆಯಲು ಕುಳಿತಿದ್ದೇನೆ.

ಸಾಂಬ್ರಾ ವಿಮಾನ ನಿಲ್ದಾಣದ ದಾರಿಯಲ್ಲಿ ವಾಯುಪಡೆಯ ತರಬೇತಿ ಶಾಲೆಯ ಹುಡುಗರನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯೆ. ಏರ್ ಮಾರ್ಷಲ್ ಸುಬ್ರತೊ ಮುಖರ್ಜಿ ಅವರು ಆ ವಾಯುಪಡೆಯ ನೇತೃತ್ವವನ್ನು 1954ರ ಏಪ್ರಿಲ್ 1ರಂದು ವಹಿಸಿಕೊಂಡ ಮೊದಲ ಭಾರತೀಯರು. 1911ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಅವರು ಇಂಗ್ಲೆಂಡಿನ ಕ್ರಾನ್‌ವೆಲ್‌ನ ವಾಯುಪಡೆ ಕಾಲೇಜಿನಲ್ಲಿ ತರಬೇತಿ ಪಡೆದ ಮೊದಲ ಭಾರತೀಯರ ಪೈಕಿ ಒಬ್ಬರು. 1932ರಲ್ಲಿ ನಮ್ಮ ವಾಯುಪಡೆ ಹುಟ್ಟಿದಾಗ ಅದರ ಮೊಟ್ಟಮೊದಲ ಅಧಿಕಾರಿಗಳ ಸಾಲಿನಲ್ಲಿ ಅವರಿದ್ದರು, ಮುಂದೆ ಸ್ಕ್ವಾಡ್ರನ್ ಎಂಬ ವಿಮಾನದಳವೊಂದರ ನಾಯಕತ್ವ ವಹಿಸಿದ ಮೊದಲ ಭಾರತೀಯರೂ ಅವರೇ ಆದರು. ದೇಶದ ಶಾಲೆಗಳೆಲ್ಲ ಪಾಲ್ಗೊಳ್ಳುವ ಒಂದು ಫುಟ್‌ಬಾಲ್ ಪಂದ್ಯಾವಳಿ ಬೇಕೆಂಬುದು ಅವರ ಕಲ್ಪನೆಯಾಗಿತ್ತು. ಅದು ಕೈಗೂಡಿದ 1960ನೆಯ ಇಸವಿಯಲ್ಲಿಯೇ, ನವೆಂಬರ್ 8ರಂದು, ಟೋಕಿಯೊದ ಉಪಾಹಾರ ಗೃಹವೊಂದರಲ್ಲಿ ಊಟ ಮಾಡುತ್ತಿದ್ದಾಗ ತುತ್ತು ಶ್ವಾಸನಾಳದಲ್ಲಿ ಸಿಕ್ಕಿ ಅವರು ತೀರಿಕೊಂಡರು. ಆಗ ಅವರ ವಯಸ್ಸು 49. ಅವರ ಪತ್ನಿ ಶಾರದಾ ಮುಖರ್ಜಿ ಅವರು ಮುಂದೆ ಆಂಧ್ರಪ್ರದೇಶ ಮತ್ತು ಗುಜರಾತಿನ ರಾಜ್ಯಪಾಲರಾದರು. ಪಂದ್ಯಾವಳಿಯನ್ನು ವಾಯುಪಡೆ ಇಂದಿಗೂ ಅವರ ಹೆಸರಿನಲ್ಲಿ ನಡೆಸಿಕೊಂಡು ಬರುತ್ತಿದೆ.

ಈ ಕಪ್‌ನ ಹಿರಿಮೆ ನನಗೆ ಕಾಣುವುದು ಅದರ ಒಂದು ನಿಯಮದಲ್ಲಿ. ಇಲ್ಲಿ ಆಡುವುದು ಒಂದು ಶಾಲೆ. ಇಂಗ್ಲೆಂಡಿನಲ್ಲಿ 1952-53ರಿಂದ ಯುವಕರಿಗೆ ಒಂದು ರಾಷ್ಟ್ರೀಯ ಕಪ್ ಇದೆ. ಮ್ಯಾಂಚೆಸ್ಟರ್ ಯುನೈಟೆಡ್‌ನ ಹುಡುಗರು ಮೊದಲ ಐದು ವರ್ಷ ಅದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಆದರೆ ಅಲ್ಲಿ ಸೆಣಸುವುದು ಕ್ಲಬ್‌ಗಳ ತಂಡಗಳು, ಅಂದರೆ ಕ್ಲಬ್ಬಿನವರು ಮೊದಲೇ ಆರಿಸಿ ಬೆಳೆಸಿದ ಹುಡುಗರು. ನಮ್ಮಲ್ಲಿಯೂ ಬಿ.ಸಿ. ರಾಯ್ ಟ್ರೋಫಿ ಇದೆ, ಅದು ರಾಜ್ಯ ತಂಡಗಳ ನಡುವಿನ ಕಿರಿಯ ಹುಡುಗರ ಚಾಂಪಿಯನ್‌ಷಿಪ್. ಇಡೀ ರಾಜ್ಯದಿಂದ ಸೋಸಿ ತೆಗೆದ ಕೆಲವೇ ಮಂದಿಯಲ್ಲಿ ಸ್ಥಾನ ಸಿಗಬೇಕಾದರೆ ಆಯ್ಕೆದಾರರ ಕಣ್ಣಿಗೆ ಹುಡುಗ ಬಿದ್ದಿರಬೇಕು, ಹಾಗೆ ಬೀಳಬೇಕಾದರೆ ಅವರಿರುವ ಊರಿಗೆ ಹೋಗಿ ಆಡಿರಬೇಕು. ಸುಬ್ರತೊ ಕಪ್‌ನಲ್ಲಿ ಹಾಗಿಲ್ಲ. ಒಂದೇ ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಕ್ಕಳು ಒಂದು ತಂಡವಾಗಿ ಜಿಲ್ಲೆ, ವಿಭಾಗ, ರಾಜ್ಯಗಳ ಹಂತಗಳನ್ನು ಗೆದ್ದರೆ ಅವರನ್ನು ದೆಹಲಿಗೆ ಹೋಗದಂತೆ ತಡೆಯುವವರು ಯಾರೂ ಇಲ್ಲ. ಬಾಗಲಕೋಟೆಯ ನಿಮ್ಮ ಶಾಲೆಗೂ ಬೆಂಗಳೂರಿನ ದೊಡ್ಡ ಶಾಲೆಗೂ ಮೆಟ್ಟಿಲು ಒಂದೇ.

ಅಂತಿಮ ಹಂತದಲ್ಲಿ ಪ್ರತಿ ರಾಜ್ಯದಿಂದ ಗೆದ್ದ ಶಾಲೆಗಳ ಜೊತೆಗೆ ಕೇಂದ್ರೀಯ ವಿದ್ಯಾಲಯ, ನವೋದಯ ವಿದ್ಯಾಲಯ, ಸೈನಿಕ ಶಾಲೆ, ಎನ್‌ಸಿಸಿ ಮುಂತಾದವುಗಳ ತಂಡಗಳೂ ಬರುತ್ತವೆ. ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾದಂಥ ನೆರೆಯ ದೇಶಗಳ ಶಾಲೆಗಳೂ ಆಡಿವೆ. ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣ ಬಹಳ ಕಾಲದಿಂದ ಈ ಪಂದ್ಯಾವಳಿಯ ಮನೆಯಂತಿದೆ. ಇತ್ತೀಚೆಗೆ ಕಿರಿಯ ಹುಡುಗರ ಪಂದ್ಯಗಳು ಬೆಂಗಳೂರಿಗೂ ಬಂದಿವೆ. 2015ರಲ್ಲಿ ಹದಿನೇಳು ವರ್ಷದೊಳಗಿನ ಹುಡುಗರ ಫೈನಲ್‌ಗೆ ಸ್ವತಃ ಪೆಲೆ ಅದೇ ಅಂಬೇಡ್ಕರ್ ಕ್ರೀಡಾಂಗಣಕ್ಕೆ ಬಂದಿದ್ದರು. ಮೂರು ವಿಶ್ವಕಪ್ ಗೆದ್ದ ಮನುಷ್ಯ ಶಾಲಾ ಮಕ್ಕಳ ಪಂದ್ಯದ ಅಂಗಳಕ್ಕೆ ಇಳಿದು ಕೈಬೀಸಿದ ಆ ದಿನದ ಸುದ್ದಿಯನ್ನು ನಿನ್ನ ಸೋದರಮಾವ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದಾನೆ.

ಆದರೆ ಅವನಿಗೆ ಪೆಲೆಗಿಂತ ಹತ್ತಿರದವರು ಭೈಚುಂಗ್ ಭುಟಿಯಾ. ದಕ್ಷಿಣ ಸಿಕ್ಕಿಂನ ತಿಂಕಿತಾಂ ಎಂಬ ಹಳ್ಳಿಯಲ್ಲಿ ಹುಟ್ಟಿದ ಅವರು ಗ್ಯಾಂಗ್ಟಕ್‌ನ ತಾಶಿ ನಮ್‌ಗ್ಯಾಲ್ ಅಕಾಡೆಮಿಯಲ್ಲಿ ಕ್ರೀಡಾ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದರು. ಆ ಶಾಲೆಯ ಪರವಾಗಿ ಸುಬ್ರತೊ ಕಪ್ ಆಡಿ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದ ಮೇಲೆಯೇ ದೊಡ್ಡ ಕ್ಲಬ್ಬುಗಳಿಗೆ ಈ ಹುಡುಗನ ಹೆಸರು ತಿಳಿದದ್ದು. 1993ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು, ಆಮೇಲೆ ವರ್ಷಗಟ್ಟಲೆ ಭಾರತದ ನಾಯಕರಾದರು. ಇಂಥ ಒಬ್ಬನನ್ನು ಕೊಟ್ಟರೂ ಸಾಕು, ಒಂದು ಪಂದ್ಯಾವಳಿ ಸಾರ್ಥಕ ಎಂದು ನಾನು ನಂಬುತ್ತೇನೆ.

ಭುಟಿಯಾ ದೆಹಲಿಯಲ್ಲಿ ಆಡುತ್ತಿದ್ದ ಆ ವರ್ಷಗಳಲ್ಲಿಯೇ ನಾನು ಹೈಸ್ಕೂಲಿನಲ್ಲಿದ್ದೆ. ಸಂಜೆ ಟಿಳಕವಾಡಿಯ ಲೇಲೆ ಮೈದಾನದಲ್ಲಿ ನಿನ್ನ ಸೋದರಮಾವ ಆಡುವಾಗ ನಾನು ಗೋಲಿನ ಹಿಂದೆ ನಿಂತು, ಆಚೆ ಹೋದ ಚೆಂಡನ್ನು ಒದ್ದು ಮರಳಿಸುತ್ತಿದ್ದೆ. ಮಳೆಗಾಲದಲ್ಲಿ ನೀರು ಕುಡಿದ ಚರ್ಮದ ಚೆಂಡು ಎಷ್ಟು ಭಾರವಾಗುತ್ತಿತ್ತೆಂದರೆ, ಅದನ್ನು ಎತ್ತರಕ್ಕೆ ಒದೆಯಲು ಬೆರಳಿನ ತುದಿಯಿಂದ ಸಾಧ್ಯವಾಗುತ್ತಿರಲಿಲ್ಲ. ಪಾದದ ಮೇಲ್ಭಾಗವನ್ನು ಪೂರ್ತಿ ತಾಗಿಸಬೇಕಿತ್ತು. ಆ ಒದೆತ ನನಗೆ ಬರುತ್ತಿತ್ತು. ನೀನು ಆರು ವರ್ಷದವಳಿದ್ದಾಗ ನಾನು ಕಲಿಸಿದ್ದು ಅದನ್ನೇ. ಆದರೆ ಆಗ ಸುಬ್ರತೊ ಕಪ್‌ನಲ್ಲಿ ಹುಡುಗಿಯರ ವಿಭಾಗವೇ ಇರಲಿಲ್ಲ, ಹೀಗಾಗಿ ಶಾಲೆಯಲ್ಲಿ ಹುಡುಗಿಯರ ತಂಡ ಕಟ್ಟಬೇಕೆಂದು ಯಾರಿಗೂ ತೋಚಲಿಲ್ಲ. ಪಂದ್ಯಾವಳಿಯ ಪಟ್ಟಿಯಲ್ಲಿ ಒಂದು ವಿಭಾಗ ಸೇರಿದರೆ ಶಾಲೆ ಚೆಂಡು ತರಿಸುತ್ತದೆ, ಶಿಕ್ಷಕರು ಸಂಜೆ ಉಳಿಯುತ್ತಾರೆ, ತಂದೆತಾಯಿಗಳು ಒಪ್ಪುತ್ತಾರೆ. ಪಟ್ಟಿಯಲ್ಲಿ ಇಲ್ಲವೆಂದರೆ ಇವು ಯಾವುವೂ ಆಗುವುದಿಲ್ಲ. ಹದಿನೇಳು ವರ್ಷದೊಳಗಿನ ಹುಡುಗಿಯರಿಗೆ ಈ ಕಪ್‌ನಲ್ಲಿ ಸ್ಥಾನ ಸಿಕ್ಕಿದ್ದು 2012ರಲ್ಲಿ, ಪಂದ್ಯಾವಳಿ ಶುರುವಾಗಿ 52 ವರ್ಷಗಳಾದ ಮೇಲೆ. ಆ ಅವಧಿಯಲ್ಲಿ ಎಷ್ಟು ಊರುಗಳ ಎಷ್ಟು ಹುಡುಗಿಯರು ಗೋಲಿನ ಹಿಂದೆಯೇ ನಿಂತು ದೊಡ್ಡವರಾದರೋ ಎಂದು ಯೋಚಿಸಿದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಬಾಗಿಲು ತೆರೆದ ಕೂಡಲೇ ಒಳಬಂದವರನ್ನು ನೋಡು. ಜಾರ್ಖಂಡ್‌ನ ಗುಮ್ಲಾ ಎಂಬ ಹಿಂದುಳಿದ ಜಿಲ್ಲೆಯ ಸೇಂಟ್ ಪ್ಯಾಟ್ರಿಕ್ ಶಾಲೆಯ ಹುಡುಗಿಯರು ಈ ಕಪ್ ಗೆದ್ದಿದ್ದಾರೆ. ಮಣಿಪುರದ ಶಾಲೆಗಳ ಹುಡುಗಿಯರೂ ಪ್ರಬಲ ತಂಡಗಳನ್ನು ಕಟ್ಟಿದ್ದಾರೆ. ನೀವು ರಾಜ್ಯ ಮಟ್ಟ ದಾಟಿದರೆ ಎದುರಾಗುವವರು ಅಂಥವರು. ಅವರ ಓಟವನ್ನು ಕಂಡು ಎದೆಗುಂದಬೇಡ.

ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕು. ವಯಸ್ಸು ಮುಚ್ಚಿಟ್ಟು ದೊಡ್ಡ ಮಕ್ಕಳನ್ನು ಆಡಿಸುವುದು ನಮ್ಮ ದೇಶದ ಕಿರಿಯರ ಫುಟ್‌ಬಾಲಿಗೆ ಅಂಟಿದ ಹಳೆಯ ರೋಗ, ಸುಬ್ರತೊ ಕಪ್ ಕೂಡ ಅದರಿಂದ ಪಾರಾಗಿಲ್ಲ. ಜನನ ಪ್ರಮಾಣಪತ್ರವನ್ನು ತಿದ್ದಬಹುದು, ಮೂಳೆಯನ್ನು ತಿದ್ದಲಾಗುವುದಿಲ್ಲ. ಬೆಳೆಯುವ ಮಕ್ಕಳ ಮಣಿಕಟ್ಟಿನ ಎಕ್ಸ್-ರೇ ತೆಗೆದರೆ ಮೂಳೆಯ ತುದಿಯಲ್ಲಿ ಒಂದು ಸಣ್ಣ ಗೆರೆಯಷ್ಟು ಅಂತರ ಕಾಣುತ್ತದೆ. ಅದು ಮೃದ್ವಸ್ಥಿಯ, ಅಂದರೆ ಮೆದು ಮೂಳೆಯ, ಜಾಗ, ಬೆಳವಣಿಗೆ ನಡೆಯುವುದು ಅಲ್ಲಿಯೇ. ವಯಸ್ಸಾದಂತೆ ಆ ಅಂತರ ತುಂಬಿಕೊಂಡು ಕೊನೆಗೆ ಎರಡೂ ಭಾಗಗಳು ಕೂಡಿಕೊಳ್ಳುತ್ತವೆ. ವೈದ್ಯರು ವಯಸ್ಸಿನ ಅಂದಾಜು ಕಟ್ಟುವುದು ಅದನ್ನು ನೋಡಿ. ಇಂಥ ಪರೀಕ್ಷೆಗೆ ನಿನ್ನನ್ನೂ ಕರೆದರೆ ಅನುಮಾನಪಟ್ಟರೆಂದು ಬೇಸರಿಸಬೇಡ. ಹದಿನಾರರ ಹುಡುಗಿಯ ಕಾಲಿಗೆ ಇಪ್ಪತ್ತರವಳ ಕಾಲು ತಾಗದಂತೆ ಕಾಯುವ ವ್ಯವಸ್ಥೆ ಅದು.

ಕೊರೊನಾದಿಂದಾಗಿ 2020 ಮತ್ತು 2021ರಲ್ಲಿ ಪಂದ್ಯಾವಳಿ ನಡೆಯಲೇ ಇಲ್ಲ. 60ನೆಯದು 2019ರಲ್ಲಿ ಆದರೆ 61ನೆಯದು 2022ರಲ್ಲಿ ಆಯಿತು. ಲೆಕ್ಕದಲ್ಲಿ ಅಂಕೆ ಮುಂದುವರಿಯಿತು ನಿಜ, ಆದರೆ ಆ ಎರಡು ವರ್ಷಗಳಲ್ಲಿ ಹದಿನೇಳು ದಾಟಿದ ಮಕ್ಕಳಿಗೆ ಕಪ್ ಮರಳಿ ಬರಲಿಲ್ಲ. ನಿನ್ನ ವಯಸ್ಸಿನ ಮಿತಿಯೊಳಗೆ ಈ ವರ್ಷ ಪಂದ್ಯ ನಡೆಯುತ್ತಿದೆ, ನಿನ್ನ ಶಾಲೆಗೆ ತಂಡವಿದೆ, ನಿನ್ನ ಮೊಣಕಾಲು ಗಟ್ಟಿಯಾಗಿದೆ. ಈ ಮೂರೂ ಕೂಡಿಬಂದಿರುವುದು ದೊಡ್ಡ ಭಾಗ್ಯ.

ಇಷ್ಟಾದರೂ ಒಂದು ಕೊರತೆ ಉಳಿದಿದೆ. ಹುಡುಗರಿಗೆ ಹದಿನೇಳರ ಕೆಳಗಿನ ವಿಭಾಗದ ಜೊತೆಗೆ ಇನ್ನೂ ಕಿರಿಯರ ವಿಭಾಗವೂ ಇದೆ, ಹುಡುಗಿಯರಿಗೆ ಮಾತ್ರ ಹದಿನೇಳರದ್ದು ಒಂದೇ. ನಿಮ್ಮ ತಂಡದ ಎಂಟನೆಯ ತರಗತಿಯ ಆ ಪುಟ್ಟ ಹುಡುಗಿ ತನಗಿಂತ ಮೂರು ವರ್ಷ ದೊಡ್ಡವರೆದುರು ಇಳಿಯಬೇಕಾಗಿರುವುದು ಇದೇ ಕಾರಣಕ್ಕೆ. ಕಿರಿಯ ಹುಡುಗಿಯರಿಗೂ ಒಂದು ವಿಭಾಗ ಬೇಕೆಂದು ಶಾಲೆಗಳು ಕೇಳಬೇಕು, ನಾವು ಪಾಲಕರೂ ಕೇಳಬೇಕು. ಅದು ಬರುವವರೆಗೆ ಅವಳನ್ನು ಪಂದ್ಯದಲ್ಲಿ ನಿನ್ನ ಪಕ್ಕದಲ್ಲಿಯೇ ಇರಿಸಿಕೊ, ಮೈಮೇಲೆ ಬೀಳುವವರ ನಡುವೆ ಅವಳೊಬ್ಬಳನ್ನೇ ಬಿಡಬೇಡ.

ಜನನ ಪ್ರಮಾಣಪತ್ರದ ಮೂಲಪ್ರತಿಯನ್ನೂ ಆಧಾರ್ ನಕಲನ್ನೂ ಹೊಸ ಸ್ಟಡ್ ಬೂಟಿನ ಪೆಟ್ಟಿಗೆಯೊಳಗೆ ಇಟ್ಟು ಅಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಬೂಟನ್ನು ಪಂದ್ಯದ ದಿನವೇ ಮೊದಲ ಬಾರಿಗೆ ಹಾಕಿಕೊಂಡರೆ ಹಿಮ್ಮಡಿಯಲ್ಲಿ ಗುಳ್ಳೆ ಏಳುತ್ತದೆ, ಇಂದಿನಿಂದಲೇ ಅಭ್ಯಾಸಕ್ಕೆ ಹಾಕಿಕೊ.

ಇಂತಿ ನಿನ್ನ
ಅವ್ವ