ಹತ್ತು ನಿಮಿಷ ವ್ಯಾನಿನ ಕೆಳಗೆ ಬಗ್ಗಿ ನೋಡಿ: ಸಾರಿಗೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಸಾರಿಗೆ ಆಯುಕ್ತರಿಗೆ ನಮಸ್ಕಾರ.

ನಾನು 17 ವರ್ಷ ಹಳೆಯ ಪೆಟ್ರೋಲ್ ವ್ಯಾನ್ ಓಡಿಸುತ್ತೇನೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು, ಸಂಜೆ ಮನೆಗೆ ತಲುಪಿಸುವುದು, ಇದೇ ನನ್ನ ಕೆಲಸ. ಮೂರು ವರ್ಷದಲ್ಲಿ ನಿಮ್ಮ ಇಲಾಖೆಗೆ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಎರಡಕ್ಕೆ 'ಪರಿಶೀಲಿಸಲಾಗುವುದು' ಅಂತ ಒಂದು ಸಾಲಿನ ಉತ್ತರ ಬಂತು. ಇನ್ನೆರಡಕ್ಕೆ ಅದೂ ಇಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕೇಳುತ್ತಿರುವುದು ಒಂದೇ. ಹಳೆಯ ವ್ಯಾನುಗಳು ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯ ಅಂತ ಸರ್ಟಿಫಿಕೇಟ್ ಕೊಡುವ ಪರೀಕ್ಷೆಗೆ, ಬಂದಾಗ ಎಂಜಿನ್ ಚಾಲೂ ಇಟ್ಟು, ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಪೆಟ್ರೋಲ್ ಲೈನ್ ಹತ್ತು ನಿಮಿಷ ನೋಡಿಸಿ. ಸೋರುತ್ತಿದ್ದರೆ ಪಾಸ್ ಮಾಡಬೇಡಿ.

ಕಳೆದ ಸಲ ಎಫ್‌ಸಿಗೆ ಹೋದಾಗ ಏನಾಯಿತು ಅಂತ ಹೇಳುತ್ತೇನೆ. ಹೆಡ್‌ಲೈಟ್ ನೋಡಿದರು. ಹಾರ್ನ್ ಒತ್ತಿಸಿದರು. ವೈಪರ್, ಇಂಡಿಕೇಟರ್, ಹೊಗೆ, ಹಿಂದೆ ಅಂಟಿಸಿದ ಕೆಂಪು ಪಟ್ಟಿ, ಎಲ್ಲ ನೋಡಿದರು. ನಾನೇ ಬಾಯಿಬಿಟ್ಟು ಹೇಳಿದೆ, "ಸರ್, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪೆಟ್ರೋಲ್ ವಾಸನೆ ಬರುತ್ತೆ, ಎಲ್ಲಿಂದ ಅಂತ ಸಿಗ್ತಿಲ್ಲ, ಒಂದ್ಸಲ ನೋಡಿ." ಅವರು ಪೇಪರಿನಿಂದ ತಲೆ ಎತ್ತದೆ, "ಹಳೇ ಗಾಡಿ ಅಲ್ವಾ, ಸ್ವಲ್ಪ ವಾಸನೆ ಇದ್ದೇ ಇರುತ್ತೆ" ಅಂದರು. ಸೀಲು ಬಿತ್ತು. ಗಾಡಿ ಪಾಸಾಯಿತು.

ಸರಿಯಾಗಿ 11 ದಿನ ಆದಮೇಲೆ, ಏಳು ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಿದ್ದೆ. ಹಿಂದಿನ ಸೀಟಿನ ಹುಡುಗಿ, "ಅಂಕಲ್, ಪೆಟ್ರೋಲ್ ಬಂಕ್ ಥರ ವಾಸನೆ ಬರ್ತಿದೆ" ಅಂದಳು. ನನ್ನ ಕೈ ತಣ್ಣಗಾಯಿತು. ಗಾಡಿ ಬದಿಗೆ ಹಾಕಿ ಕೀ ಆಫ್ ಮಾಡಿದೆ. ಮಕ್ಕಳನ್ನು ಇಳಿಸಿ ದೂರ ನಿಲ್ಲಿಸಿದೆ. ವಾಪಸ್ ಬಂದು ನನ್ನ ಸೀಟ್ ಎತ್ತಿದೆ. ನಮ್ಮ ಥರದ ವ್ಯಾನುಗಳಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೇ, ನಿಮಗೆ ಗೊತ್ತಿದೆ. ಪಂಪಿನಿಂದ ಕಾರ್ಬೊರೇಟರ್‌ಗೆ ಹೋಗುವ ಪೈಪಿನಿಂದ ಪೆಟ್ರೋಲ್ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಹೊಗೆ ಹೋಗುವ ಮ್ಯಾನಿಫೋಲ್ಡ್, ಮುಟ್ಟಿದರೆ ಚರ್ಮ ಸುಲಿಯುವಷ್ಟು ಬಿಸಿ, ಅಲ್ಲಿಂದ ಎರಡೇ ಬೆರಳು ದೂರ.

ಆ ಪೈಪಿನ ಉದ್ದ ನಾಲ್ಕು ಬೆರಳು. ಮೆಕ್ಯಾನಿಕ್ ಬಂದು ಬಿಚ್ಚಿ, ಸುಮ್ನೆ ಸ್ವಲ್ಪ ಬಗ್ಗಿಸಿದ. ಒಣ ಕಡ್ಡಿ ಥರ ಲಟಕ್ ಅಂತ ಮುರಿಯಿತು. ಕ್ಲಿಪ್ಪಿನ ಅಂಚು ರಬ್ಬರನ್ನು ಸುತ್ತಲೂ ಕೊಯ್ದಿತ್ತು. ಅದು ಪೆಟ್ರೋಲಿಗೆ ಅಂತ ಮಾಡಿದ ಪೈಪೇ ಅಲ್ಲ, ನೀರಿನ ಪೈಪು. ಹಿಂದೆ ಯಾರೋ ಯಾವಾಗಲೋ ಹಾಕಿದ್ದು. ಎಷ್ಟು ಎಫ್‌ಸಿ ದಾಟಿ ಬಂದಿದೆಯೋ ದೇವರಿಗೇ ಗೊತ್ತು. ಆ ತುಂಡನ್ನು ಇವತ್ತಿಗೂ ಗಾಡಿಯಲ್ಲೇ ಇಟ್ಟುಕೊಂಡಿದ್ದೇನೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೂ ಎಷ್ಟೋ ರಾತ್ರಿ ಬಂದಿಲ್ಲ. ಏಳು ಮನೆಯವರು ನನ್ನನ್ನು ನಂಬಿ ಮಕ್ಕಳನ್ನು ಕಳಿಸುತ್ತಾರೆ. ನಾನು ನಿಮ್ಮ ಸೀಲನ್ನು ನಂಬಿದ್ದೆ.

'ಸ್ವಲ್ಪ ವಾಸನೆ' ಅನ್ನುವ ಮಾತಿಗೆ ನನಗೆ ಇನ್ನೂ ಕೋಪ ಬರುತ್ತದೆ. ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗುವುದಿಲ್ಲ, ತಳದಲ್ಲೇ, ಸೀಟಿನ ಕೆಳಗೇ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗ ಸೇರಿದರೆ ಸಾಕು, ಒಂದು ಕಿಡಿಗೆ ಹತ್ತುತ್ತದೆ. ಡಿಸ್ಟ್ರಿಬ್ಯೂಟರ್, ಪ್ಲಗ್ ವೈರ್, ಸೆಲ್ಫ್ ಮೋಟರ್, ಕಿಡಿ ಹಾರುವ ಸಾಮಾನೆಲ್ಲ ಅಲ್ಲೇ ಇವೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊಸ ಗಾಡಿಗಳಿಗೆ ವಿಶ್ವಸಂಸ್ಥೆಯ 34ನೇ ನಿಯಮಾವಳಿಯೇ ಇದೆ. ಗಾಡಿಯನ್ನು ಗುದ್ದಿಸಿ ನೋಡಿದ ಮೇಲೂ ನಿಮಿಷಕ್ಕೆ 30 ಗ್ರಾಂಗಿಂತ ಜಾಸ್ತಿ ಇಂಧನ ಸೋರಬಾರದು. ಹೊಸದಕ್ಕೆ ಅಷ್ಟು ಕಟ್ಟುನಿಟ್ಟು. 17 ವರ್ಷದ ರಬ್ಬರಿಗೆ ಯಾಕೆ ಯಾರೂ ಬಗ್ಗಿ ನೋಡುವುದಿಲ್ಲ?

ಎಂಜಿನ್ ಚಾಲೂ ಇಟ್ಟು ನೋಡಿ ಅಂತ ಪದೇ ಪದೇ ಹೇಳುವುದಕ್ಕೆ ಕಾರಣ ಇದೆ. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ, ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಸ್ವಲ್ಪ ಹೊತ್ತಿನಲ್ಲಿ ಸೋರುವುದೂ ನಿಲ್ಲುತ್ತದೆ. ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ನೋಡನೋಡುತ್ತಾ ಆರಿಹೋಗುತ್ತದೆ. ಚಳಿಗೆ ರಬ್ಬರ್ ಕುಗ್ಗಿ ಬೆಳಿಗ್ಗೆ ಸೋರಿದ್ದು, ಬಿಸಿಯಾಗಿ ಹಿಗ್ಗಿದ ಮೇಲೆ ತಾನೇ ಮುಚ್ಚಿಕೊಂಡಿರುತ್ತದೆ. ಸಾಲಿನಲ್ಲಿ ಆಫ್ ಮಾಡಿ ನಿಲ್ಲಿಸಿದ ಗಾಡಿಯಲ್ಲಿ ಏನು ಕಂಡೀತು? ಟ್ಯಾಂಕಿನ ಮೇಲ್ಭಾಗದ ಗ್ಯಾಸ್ಕೆಟ್ (ಸೋರದಂತೆ ನಡುವೆ ಕೂರಿಸುವ ಪದರ), ಪೆಟ್ರೋಲ್ ತುಂಬುವ ಬಾಯಿಯ ಪೈಪು ಸೋರಿದರೆ ಟ್ಯಾಂಕ್ ತುಂಬಿದಾಗ ಮಾತ್ರ ಗೊತ್ತಾಗುತ್ತದೆ. ಟ್ಯಾಂಕ್ ತುಂಬಿಸಿಕೊಂಡೇ ಬನ್ನಿ ಅಂತ ನೋಟಿಸಿನಲ್ಲಿ ಒಂದು ಸಾಲು ಹಾಕಿಸಿ.

ನೋಡಬೇಕಾದ ಜಾಗಗಳೂ ಜಾಸ್ತಿ ಇಲ್ಲ. ಫಿಲ್ಟರಿನ ಎರಡು ತುದಿ. ಪಂಪ್. ಕಾರ್ಬೊರೇಟರ್ ಬಟ್ಟಲಿನ ಗ್ಯಾಸ್ಕೆಟ್. ಕಬ್ಬಿಣದ ಲೈನನ್ನು ಚಾಸಿಗೆ ಹಿಡಿದಿರುವ ಕ್ಲಿಪ್ಪುಗಳು, ಯಾಕಂದ್ರೆ ಕೆಸರು ಕೂತು ತುಕ್ಕು ತಿನ್ನುವುದು ಅಲ್ಲೇ. ಟ್ಯಾಂಕ್ ಕಟ್ಟಿರುವ ಪಟ್ಟಿಯ ಕೆಳಗೆ ಕೂಡ ಹಾಗೇ. ಪೈಪು ಸೇರುವ ಜಾಗಕ್ಕೆ ಬಿಳಿ ಪೇಪರ್ ಒತ್ತಿ ಹಿಡಿದರೆ ಪಸೆ ಗೊತ್ತಾಗುತ್ತದೆ. ಒಂದು ಎಲ್‌ಇಡಿ ಟಾರ್ಚ್ ಸಾಕು, ವೈರಿಗೆ ನೇತುಹಾಕಿದ ಬಲ್ಬ್ ಮಾತ್ರ ಬೇಡ. ಪೆಟ್ರೋಲಿನ ಅಸಲಿ ಪೈಪಿನ ಮೈಮೇಲೆ ಸಾಮಾನ್ಯವಾಗಿ ಎಸ್‌ಎಇ ಜೆ30 (SAE J30) ಅಂತ, ಇಂಧನ ಪೈಪಿನ ಗುಣಮಟ್ಟದ ಗುರುತು, ಅಚ್ಚಾಗಿರುತ್ತದೆ. ಅಚ್ಚೇ ಇಲ್ಲದ ಪೈಪು ಕಂಡರೆ ಬದಲಾಯಿಸಿ ಬಾ ಅಂತ ಕಳಿಸಿ. ಕಾರ್ಬೊರೇಟರ್ ಬದಲು ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಷನ್ ಗಾಡಿಯಾದರೆ ಇನ್ನೂ ಹುಷಾರಾಗಿ ನೋಡಬೇಕು. ಅದರಲ್ಲಿ ಒತ್ತಡ ಸುಮಾರು 3 ಬಾರ್, ಕಾರ್ಬೊರೇಟರ್ ಗಾಡಿಯ ಹತ್ತು ಪಟ್ಟು. ಅದಕ್ಕೆ ಕಾರ್ಬೊರೇಟರ್ ಪೈಪು ಸಿಕ್ಕಿಸಿದರೆ ಒಂದು ದಿನ ಒಡೆದು ಪಿಚಕಾರಿ ಥರ ಚಿಮ್ಮುತ್ತದೆ.

ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ. ನಮ್ಮ ಗಾಡಿಗಳ ರಬ್ಬರ್ ಎಥನಾಲಿಗೆ ಅಂತ ಮಾಡಿದ್ದಲ್ಲ. ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಟ್ಯಾಂಕ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಪೆಟ್ರೋಲ್ ಬದಲಾಯಿತು, ಪರೀಕ್ಷೆ ಮಾತ್ರ ಬದಲಾಗಲಿಲ್ಲ.

ಟ್ಯಾಂಕ್ ಸೋರಿದರೆ ಸೋಪು ಮೆತ್ತಿಕೊಂಡು ಓಡಿಸುವ ಚಾಲಕರನ್ನು ನೋಡಿದ್ದೇನೆ. ನಾನೂ ಒಮ್ಮೆ ಮೆತ್ತಿದ್ದೇನೆ, ಒಪ್ಪಿಕೊಳ್ಳುತ್ತೇನೆ. ತಪ್ಪು ಮಾಡಿದೆ. ಬಾಡಿಗೆ ತಪ್ಪಿದರೆ ಮನೆ ನಡೆಯುವುದಿಲ್ಲ, ಅದಕ್ಕೇ ಮೆತ್ತುತ್ತೇವೆ. ಆದರೆ ಸೋಪು ಮೆತ್ತಿದ ಟ್ಯಾಂಕನ್ನು ಹಿಡಿಯುವುದಕ್ಕೇ ಅಲ್ವಾ ಎಫ್‌ಸಿ ಇರುವುದು? ನನ್ನನ್ನು ತಡೆಯಬೇಕಿತ್ತು. ಯಾರೂ ತಡೆಯಲಿಲ್ಲ.

ಹಳೆಯ ಗಾಡಿಗಳನ್ನೇ ತೆಗೆದುಬಿಡಿ ಅಂತ ಸುಲಭವಾಗಿ ಹೇಳಬಹುದು. ಹೊಸದು ತೆಗೆದುಕೊಳ್ಳುವ ಶಕ್ತಿ ಇದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಆ ನಾಲ್ಕು ಬೆರಳಿನ ಪೈಪು ಬದಲಾಯಿಸಲು ಮೆಕ್ಯಾನಿಕ್‌ಗೆ ಹಿಡಿದದ್ದು ಕಾಲು ಗಂಟೆ. ನಾಲ್ಕೈದು ವರ್ಷಕ್ಕೊಮ್ಮೆ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿ ಅಂತ ನೀವು ಕಡ್ಡಾಯ ಮಾಡಿದರೆ ನಾವು ಮಾಡುತ್ತೇವೆ. ನಮಗೂ ಜೀವದ ಮೇಲೆ ಆಸೆ ಇದೆ.

ಸಮಿತಿ ಬೇಡ. ಹೊಸ ಯಂತ್ರವೂ ಬೇಡ. ಒಂದು ಸುತ್ತೋಲೆ ಹೊರಡಿಸಿ: ಎಂಜಿನ್ ಚಾಲೂ ಇರಲಿ, ಹತ್ತು ನಿಮಿಷ ನೋಡಿ, ಸೋರಿದರೆ ಪಾಸ್ ಇಲ್ಲ.

ನನ್ನ ವ್ಯಾನಿನ ಎಫ್‌ಸಿ ಮುಂದಿನ ತಿಂಗಳು ಮತ್ತೆ ಇದೆ. ಟ್ಯಾಂಕ್ ತುಂಬಿಸಿಕೊಂಡು ಬರುತ್ತೇನೆ. ಸೀಟ್ ನಾನೇ ಎತ್ತಿ ಕೊಡುತ್ತೇನೆ, ಟಾರ್ಚ್ ನಾನೇ ತರುತ್ತೇನೆ, ಮುರಿದ ಪೈಪಿನ ತುಂಡೂ ಕೈಯಲ್ಲಿರುತ್ತದೆ. ದಯವಿಟ್ಟು ಬಗ್ಗಿ ನೋಡುವುದಕ್ಕೆ ಒಬ್ಬರನ್ನು ಕಳಿಸಿ.

ಇಂತಿ,
ಶಾಲಾ ಮಕ್ಕಳ ವ್ಯಾನ್ ಓಡಿಸುವ ಒಬ್ಬ ಚಾಲಕ