ಶೆನ್ಯಾನಿಗನ್ಸ್ ಎಂದರೆ ವಂಚನೆಯಲ್ಲ, ಕಿತಾಪತಿ

ಮಾನ್ಯ ಸಂಪಾದಕರೇ,

ಇಂಗ್ಲಿಷಿನ ‘ಶೆನ್ಯಾನಿಗನ್ಸ್’ ಕನ್ನಡ ಸುದ್ದಿಗೆ ಬರುವಾಗ ಬಹಳ ಸಲ ‘ವಂಚನೆ’ ಆಗಿಬಿಡುತ್ತದೆ. ಇದು ತಪ್ಪು, ಅಪಾಯಕಾರಿ ಕೂಡ. ವಂಚನೆ ಕಾನೂನಿನ ಕಣ್ಣಲ್ಲಿ ಅಪರಾಧ. ಹಾಗೆ ಬರೆದರೆ ಮೂಲದಲ್ಲಿಲ್ಲದ ಆರೋಪವನ್ನು ನಾವು ಹೊರಿಸಿದಂತೆ. ಶೆನ್ಯಾನಿಗನ್ಸ್‌ಗೆ ಆ ಭಾರವಿಲ್ಲ. ತರಗತಿಯ ಮಕ್ಕಳ ತರಲೆಗೂ ಅದು ಸಲ್ಲುತ್ತದೆ, ಮುಂದಿನ ವರ್ಷದ ಆದಾಯವನ್ನು ಈ ವರ್ಷದ ಲೆಕ್ಕಕ್ಕೇ ಸೇರಿಸಿ ಲಾಭ ಉಬ್ಬಿಸುವ ಕಂಪನಿಯ ಕೈಚಳಕಕ್ಕೂ ಸಲ್ಲುತ್ತದೆ. ಇಷ್ಟೇ ಹರವಿರುವ ಪದ ನಮ್ಮಲ್ಲೇ ಇದೆ: ಕಿತಾಪತಿ. ಅದನ್ನು ಮಗುವೂ ಮಾಡುತ್ತದೆ, ಪುಢಾರಿಯೂ ಮಾಡುತ್ತಾನೆ. ಲೆಕ್ಕಪತ್ರದ ಸುದ್ದಿಯಾದರೆ ‘ಕರಾಮತ್ತು’ ಇನ್ನೂ ಚೆನ್ನಾಗಿ ಕೂರುತ್ತದೆ. ‘ವಂಚನೆ’ಯನ್ನು ಮೂಲದಲ್ಲಿ ‘ಫ್ರಾಡ್’ ಎಂದಿರುವ ಕಡೆಗೆ ಉಳಿಸಿಕೊಳ್ಳೋಣ.

ಇದು ಐರಿಶ್ ಪದವೆಂಬ ಮಾತೂ ಆಗಾಗ ಅಚ್ಚಾಗುತ್ತದೆ. ಐರಿಶ್ ಭಾಷೆಯಲ್ಲಿ ನರಿಗೆ ‘ಶನ್ನಖ್’ ಎನ್ನುತ್ತಾರೆ. ಅದರಿಂದ ‘ನರಿಯಾಟ ಆಡುತ್ತೇನೆ’ ಎಂಬ ಕ್ರಿಯಾಪದವಾಗಿ, ಅದೇ ಶೆನ್ಯಾನಿಗನ್ ಆಯಿತು ಎಂಬುದು ವಾದ. ‘ನರಿಬುದ್ಧಿ’ ಎಂದು ದಿನವೂ ಆಡುವ ನಮಗೆ ಇದು ತಕ್ಷಣ ಒಪ್ಪಿಗೆಯಾಗುತ್ತದೆ. ಆದರೆ ಪದದ ಮೂಲ ಹೇಳಲು ಧ್ವನಿಯ ಹೋಲಿಕೆ ಸಾಲದು. ಅರ್ಥ, ಕಾಲ, ಜಾಗ ಮೂರೂ ಹೊಂದಬೇಕು. ಅದಕ್ಕಿಂತ ಮುಖ್ಯವಾಗಿ, ನಡುವಿನ ರೂಪಗಳು ಬರಹದಲ್ಲಿ ಸಿಗಬೇಕು. ಐರಿಶ್ ವಾದ ಎಡವುವುದು ಇಲ್ಲೇ.

ಈ ಪದ ಅಚ್ಚಿನಲ್ಲಿ ಮೊದಲು ಸಿಕ್ಕಿರುವುದು 1855ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಅದೂ ‘ಶೆನ್ಯಾನಿಗನ್’ ಎಂಬ ಏಕವಚನದಲ್ಲಿ. ಬಹುವಚನವೇ ರೂಢಿಯಾದದ್ದು ಆಮೇಲೆ. 1848ರ ಜನವರಿಯಲ್ಲಿ ಅಲ್ಲಿ ಚಿನ್ನ ಸಿಕ್ಕಿತ್ತು. ಹತ್ತಾರು ದೇಶಗಳ ಜನ ಬಂದು ಸೇರಿದ್ದರು. ಕ್ಯಾಲಿಫೋರ್ನಿಯಾ ಸ್ಪ್ಯಾನಿಷ್ ಆಡುವ ಮೆಕ್ಸಿಕೋದ ಕೈಬಿಟ್ಟು ಅಮೆರಿಕದ ಪಾಲಾದದ್ದೂ ಆ ವರ್ಷವೇ. ಹಾಗಾಗಿ ಮೋಸ ಎಂಬ ಅರ್ಥದ ಸ್ಪ್ಯಾನಿಷ್ ‘ಚನಾದ’ವೇ ಮೂಲ ಎನ್ನುವವರಿಗೆ ಜಾಗವೂ ಕಾಲವೂ ಒದಗುತ್ತವೆ. ಆದರೆ ಕೊನೆಯ ‘ಇಗನ್’ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಜರ್ಮನ್ ಕಳ್ಳರ ಗುಪ್ತಭಾಷೆಯ ಪದವೊಂದನ್ನೂ ಮುಂದಿಡುತ್ತಾರೆ. ಅದರ ಅರ್ಥ ‘ದುಡಿ’ ಎಂದು. ದುಡಿಮೆಯಿಂದ ಕಿತಾಪತಿಗೆ ಜಿಗಿಯುವುದು ಕಷ್ಟ. ಪ್ರಮುಖ ನಿಘಂಟುಗಳು ‘ಮೂಲ ಅನಿಶ್ಚಿತ’ ಎಂದು ನಿಲ್ಲುವುದು ಈ ಕಾರಣಕ್ಕೆ. ಪತ್ರಿಕೆಯೂ ಅಷ್ಟಕ್ಕೇ ನಿಲ್ಲಬೇಕು.

ಇದೇ ಬಳಗದ ಇನ್ನೆರಡು ಪದಗಳಲ್ಲೂ ಅನುವಾದಕರು ಎಡವುತ್ತಾರೆ. ‘ಹ್ಯಾಂಕಿ-ಪ್ಯಾಂಕಿ’ 1841ರಲ್ಲಿ ಅಚ್ಚಾದಾಗ ಅದರ ಅರ್ಥ ಕಣ್ಕಟ್ಟು, ಮೋಸ; ಅನೈತಿಕ ಸಂಬಂಧದ ಅರ್ಥ ಅಂಟಿಕೊಂಡದ್ದು 20ನೇ ಶತಮಾನದಲ್ಲಿ. ‘ಸ್ಕಲ್‌ಡಗರಿ’ ನಡೆದದ್ದು ತಿರುಗುಮುರುಗಾಗಿ. ಅದರ ಸ್ಕಾಟಿಷ್ ಪೂರ್ವರೂಪ ‘ಸ್ಕಲ್‌ಡಡರಿ’ ಹಾದರವನ್ನು ಸೂಚಿಸುತ್ತಿತ್ತು. ಅಮೆರಿಕಕ್ಕೆ ಬಂದು ತೆರೆಮರೆಯ ಕುತಂತ್ರವಾಯಿತು. ತಲೆಬುರುಡೆ ಎಂಬ ಅರ್ಥದ ‘ಸ್ಕಲ್’ಗೂ ಇದಕ್ಕೂ ನಂಟಿಲ್ಲ. ಹಾಗಾಗಿ ಹಳೆಯ ಬರಹದಲ್ಲಿ ಹ್ಯಾಂಕಿ-ಪ್ಯಾಂಕಿ ಕಂಡರೆ, ಆ ಬರಹ ಯಾವ ವರ್ಷದ್ದೆಂದು ನೋಡದೆ ಅನುವಾದಿಸಬಾರದು.

ಇಂತಿ,
ಒಬ್ಬ ಅನುವಾದಕ