ಈ ದಾರಿಯ ಶಾಸಕರೇ, ಮೊದಲು ಆ ಬೀಗ ತೆಗೆಸಿ

ಬೆಂಗಳೂರಿನಿಂದ ಉಜಿರೆವರೆಗೆ ದಾರಿಯುದ್ದಕ್ಕೂ ಬರುವ ಎಲ್ಲ ಶಾಸಕರಿಗೆ,

ನಮಸ್ಕಾರ. ಒಬ್ಬರ ಹೆಸರಿಗೇ ಬರೆಯೋಣ ಅಂತ ಕೂತಿದ್ದೆ. ಆದರೆ ಇದು ಸುಮಾರು 300 ಕಿಲೋಮೀಟರ್ ದಾರಿ. ಎಷ್ಟು ಕ್ಷೇತ್ರ ದಾಟುತ್ತೇನೋ ನನಗೇ ಲೆಕ್ಕವಿಲ್ಲ. ಒಬ್ಬರ ಹೆಸರು ಹಾಕಿದರೆ ಅವರು 'ಅದು ಪಕ್ಕದ ಕ್ಷೇತ್ರದ್ದಮ್ಮಾ' ಅಂತಾರೆ. ಹಾಗಾಗಿ ಎಲ್ಲರೂ ಓದಿ.

ಕೇಳುತ್ತಿರುವುದು ಒಂದೇ. ಕಟ್ಟಿ ಬಿಟ್ಟಿರುವ ಶೌಚಾಲಯಗಳ ಬೀಗ ತೆಗೆಸಿ. ಹೊಸದು ಕಟ್ಟಿ ಅಂತ ಕೇಳುತ್ತಿಲ್ಲ. ಇರುವುದರ ಬಾಗಿಲು ತೆಗೆಸಿ, ನಲ್ಲಿಯಲ್ಲಿ ನೀರು ಬರಿಸಿ. ಅಷ್ಟೇ.

ಹದಿಮೂರು ವರ್ಷದಿಂದ ಈ ದಾರಿಯಲ್ಲಿ ಕಾರು ಓಡಿಸುತ್ತಿದ್ದೇನೆ. ತವರಿಗೆ ಹೋಗುವ ನೆಪ, ದಾರಿಯೇ ಪ್ರವಾಸ. ನಸುಕಿಗೆ ನೆಲಮಂಗಲ ದಾಟಿಬಿಟ್ಟರೆ ಕುಣಿಗಲ್, ಎಡೆಯೂರು, ಚನ್ನರಾಯಪಟ್ಟಣ, ಹಾಸನ. ಅಲ್ಲಿಂದ ಬೇಲೂರು. ಅಮ್ಮ ಅಲ್ಲಿನ ದರ್ಪಣ ಸುಂದರಿ ಶಿಲ್ಪದ ಮುಂದೆ ನಿಂತರೆ ಕದಲಿಸುವುದು ಕಷ್ಟ, 'ಇವಳ ಕನ್ನಡಿಗೆ ಇನ್ನೂ ಬೇಜಾರು ಬಂದಿಲ್ಲ ನೋಡು' ಅಂತ ಪ್ರತಿ ಸಲವೂ ಅದೇ ಮಾತು. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಅಮ್ಮ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದರು, ಏನೋ ತಾವೇ ಕೆತ್ತಿದ ಹಾಗೆ. ಆಮೇಲೆ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ. ಕೆಳಗಿಳಿದರೆ ಉಜಿರೆ. ಮಳೆಗಾಲದಲ್ಲಿ ಶಿರಾಡಿ ಕುಸಿದರೆ ಎಲ್ಲರೂ ಈ ಕಡೆಗೇ ತಿರುಗುತ್ತಾರೆ, ಅದೂ ನಿಮಗೆ ಗೊತ್ತು.

ಇಷ್ಟು ಚೆಂದದ ದಾರಿಯಲ್ಲಿ ನಮ್ಮ ಅಮ್ಮ ಏನು ಮಾಡುತ್ತಾರೆ ಗೊತ್ತಾ? ನೀರು ಕುಡಿಯುವುದಿಲ್ಲ.

ಅವರಿಗೆ 71 ವರ್ಷ. ಸಕ್ಕರೆ ಕಾಯಿಲೆ. ಗಂಟೆಗೊಮ್ಮೆ, ಒಂದೂವರೆ ಗಂಟೆಗೊಮ್ಮೆ ಹೋಗಲೇಬೇಕು. ಹಾಗಾಗಿ ಹಿಂದಿನ ರಾತ್ರಿಯಿಂದಲೇ ನೀರು ಕಮ್ಮಿ ಮಾಡುತ್ತಾರೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಉಂಟಾ? ಹೊರಗೆ ಮಂಜು, ಎದುರಿನ ಅಂಗಡಿಯ ಬೋರ್ಡೂ ಕಾಣುವುದಿಲ್ಲ, ತಟ್ಟೆಯಲ್ಲಿ ಬಿಸಿ ನೀರುದೋಸೆ. ಅಮ್ಮ ಮೂರು ದೋಸೆ ತಿನ್ನುತ್ತಾರೆ. ಕಾಫಿ ಬಂದ ಕೂಡಲೇ ಲೋಟವನ್ನು ಎರಡು ಬೆರಳಲ್ಲಿ ನನ್ನ ಕಡೆಗೆ ತಳ್ಳುತ್ತಾರೆ. 'ನೀನೇ ಕುಡಿ, ನಂಗೆ ಬೇಡ.' ಕಾಫಿ ನಾಡಿನಲ್ಲಿ ಕೂತು, ಜೀವಮಾನವಿಡೀ ಕಾಫಿ ಕುಡಿದ ಹೆಂಗಸು, ಘಾಟಿ ಇಳಿಯಬೇಕಲ್ಲ ಅಂತ ಹೆದರಿ ಕಾಫಿ ಬೇಡ ಅನ್ನುತ್ತಾರೆ. ನಿಮ್ಮ ಅಮ್ಮನೋ ಅತ್ತೆಯೋ ಹೀಗೆ ಲೋಟ ತಳ್ಳಿದ್ದನ್ನು ನೀವು ನೋಡಿದ್ದೀರಾ? ಇರಲಿಕ್ಕಿಲ್ಲ. ನಿಮಗೆ ದಾರಿಯುದ್ದಕ್ಕೂ ಐಬಿ, ಅಂದರೆ ಸರ್ಕಾರಿ ಬಂಗಲೆ ಇರುತ್ತದೆ.

ಈಗ ಹೋದ ಆಗಸ್ಟಿನ ಕತೆ ಕೇಳಿ. ಮಲೆನಾಡಿನ ಒಂದು ವ್ಯೂಪಾಯಿಂಟ್. ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಕೆಲಸ ಹೋಗುವುದು ಪಾರ್ಕಿಂಗ್ ಚೀಟಿ ಹರಿಯುವ ಆ ಗುತ್ತಿಗೆ ಹುಡುಗನದ್ದು, ನಿಮ್ಮದಲ್ಲ. ಧೋ ಅಂತ ಮಳೆ. ಚೀಟಿಗೆ 50 ರೂಪಾಯಿ ಕೊಟ್ಟೆವು. ಎದುರಿಗೇ ಹಸಿರು ಬಣ್ಣದ ಶೌಚಾಲಯ, ಗೋಡೆ ಮೇಲೆ ಸೀರೆಯುಟ್ಟ ಹೆಂಗಸಿನ ಚಿತ್ರ, ಪಕ್ಕದಲ್ಲಿ ಉದ್ಘಾಟನೆಯ ಕಪ್ಪು ಕಲ್ಲು. ಅಮ್ಮ ಬಾಗಿಲ ಹತ್ತಿರ ಹೋಗಿ ಹಾಗೇ ವಾಪಸ್ ಬಂದರು. ಅಂಗೈಯಗಲದ ಬೀಗ.

ಹುಡುಗನನ್ನು ಕೇಳಿದೆ. 'ಕೀ ನಮ್ಮ ಹತ್ರ ಇಲ್ಲ ಮೇಡಂ, ಸಾರ್ ಹತ್ರ ಇರೋದು.' ಸಾರ್ ಎಲ್ಲಿ? 'ಗೃಹಪ್ರವೇಶಕ್ಕೆ ಹೋಗಿದಾರೆ.' ನಂಬರ್ ಇಸಕೊಂಡು ನಾನೇ ಫೋನ್ ಮಾಡಿದೆ. ಹಿಂದೆ ವಾಲಗದ ಸದ್ದು, ಮನುಷ್ಯ ಊಟಕ್ಕೆ ಕೂತಿದ್ದರು ಅಂತ ಕಾಣುತ್ತೆ. ಬಹಳ ಸಮಾಧಾನದಿಂದ ಹೇಳಿದರು: 'ತೆಗೆದ್ರೂ ಪ್ರಯೋಜನ ಇಲ್ಲ ಮೇಡಂ, ನೀರಿಲ್ಲ. ಉದ್ಘಾಟನೆ ದಿನ ಟ್ಯಾಂಕರ್ ತರಿಸಿದ್ವಿ, ಅಷ್ಟೇ.'

ಸ್ವಾಮಿ, ಆ ಹೊತ್ತಿಗೆ ಆ ಕಟ್ಟಡದ ಸೂರಿನಿಂದ ನೀರು ಧಾರೆಧಾರೆಯಾಗಿ ನಮ್ಮ ಕಾಲ ಮೇಲೆ ಬೀಳುತ್ತಿತ್ತು. ಇಡೀ ಬೆಟ್ಟ ಸೋರುತ್ತಿತ್ತು. ಕೆಳಗೆ ಒಂದು ಡ್ರಮ್ ಇಟ್ಟಿದ್ದರೂ ಸಾಕಿತ್ತಲ್ವಾ! ಕಲ್ಲಿನ ಮೇಲೆ ಹನ್ನೊಂದು ಹೆಸರಿದ್ದವು. ಕಾಯುತ್ತಾ ಎಣಿಸಿದೆ. ಹನ್ನೊಂದು ಜನರಲ್ಲಿ ಒಬ್ಬರಿಗೂ ಬಕೆಟ್ ಹೊಳೆಯಲಿಲ್ಲ.

ಆಮೇಲೆ ನಡೆದದ್ದನ್ನು ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ಬರೆಯುತ್ತೇನೆ. ಸ್ವಲ್ಪ ಮುಂದೆ, ತೋಟದ ಬೇಲಿ ಪಕ್ಕ ಕಾರು ನಿಲ್ಲಿಸಿದೆ. ನಾನು ಒಂದು ಕಡೆ ಕೊಡೆ ಹಿಡಿದು, ಮಗಳು ಇನ್ನೊಂದು ಕಡೆ ಬೆಡ್‌ಶೀಟ್ ಹಿಡಿದು ನಿಂತೆವು. ನಡುವೆ ನಮ್ಮ ಅಮ್ಮ, ಮಂಡಿ ನೋವಿನವರು, ಒದ್ದೆ ಹುಲ್ಲಿನಲ್ಲಿ. ಅಷ್ಟರಲ್ಲಿ ಒಂದು ಕಾರು ಬಂತು. ಹೋಗಲಿಲ್ಲ, ನಿಧಾನ ಮಾಡಿ ಹಾರ್ನ್ ಹೊಡೆದರು. ಒಳಗಿನಿಂದ ನಗು.

ಉಜಿರೆ ಬರುವವರೆಗೂ ಅಮ್ಮ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಕಾಲು ತೊಳೆಯುವಾಗ ನೋಡಿದರೆ ಹಿಮ್ಮಡಿ ಹತ್ತಿರ ಇಂಬಳ (ಜಿಗಣೆ) ಕಚ್ಚಿ ಸೀರೆಯಂಚೆಲ್ಲ ರಕ್ತ. 'ಇನ್ನು ನಾನು ಕಾರಲ್ಲಿ ಎಲ್ಲಿಗೂ ಬರೋದಿಲ್ಲ' ಅಂದರು. ಬಂದಿಲ್ಲ. ಆಮೇಲೆ ಎರಡು ಸಲ ಹೋದೆವು, ಎರಡು ಸಲವೂ ಅವರು ಮನೆಯಲ್ಲೇ ಉಳಿದರು.

ಬೀಗ ತೆಗೆಸಿ.

ಬರೀ ವಯಸ್ಸಾದವರ ಕತೆ ಅಂದುಕೊಳ್ಳಬೇಡಿ. ಮಗಳಿಗೆ ಹದಿನೇಳು. ಎತ್ತಿನ ಭುಜ ಬೆಟ್ಟ ಹತ್ತಲೇಬೇಕು ಅಂತ ಹಠ ಮಾಡಿ ಹತ್ತಿದಳು, ಮುಟ್ಟಿನ ದಿನ. ಪ್ಯಾಡ್ ಬದಲಿಸಲು ಜಾಗ ಸಿಕ್ಕಿದ್ದು ಮೂಡಿಗೆರೆಯಲ್ಲಿ, ಅದೂ ಒಬ್ಬ ಅಂಗಡಿ ಅಕ್ಕ ಹಿಂದೆ ಮನೆಗೆ ಕರೆದುಕೊಂಡು ಹೋಗಿ ಬಚ್ಚಲು ತೋರಿಸಿದ್ದಕ್ಕೆ. ಒಂದು ಪೈಸೆ ಮುಟ್ಟಲಿಲ್ಲ. ಬಿಸಿ ಕಡುಬು, ಕಳಲೆ ಪಲ್ಯ ಕೊಟ್ಟು ಕಳಿಸಿದರು. ನಿಮ್ಮ ಕೆಲಸ ಆ ಅಕ್ಕ ಮಾಡುತ್ತಿದ್ದಾರೆ.

ನಿಯಮ ನಾನು ಹೇಳಿಕೊಡಬೇಕಾಗಿಲ್ಲ. ಪೆಟ್ರೋಲ್ ಬಂಕಿನಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಎಲ್ಲ ಬಿಟ್ಟಿಯಾಗಿ ಇರಬೇಕು ಅನ್ನುವುದು ನಿಮಗೆ ಗೊತ್ತು. ಗಾಳಿ ಮಾತ್ರ ಸಿಗುತ್ತದೆ. ಉಳಿದದ್ದಕ್ಕೆ 'ಸ್ಟಾಫಿಗೆ ಮಾತ್ರ' ಬೋರ್ಡು. ಟೋಲ್ ಕಟ್ಟುತ್ತೇವೆ, ಪಾರ್ಕಿಂಗ್ ಕಟ್ಟುತ್ತೇವೆ, ಚಾರಣಕ್ಕೆ ಆನ್‌ಲೈನಿನಲ್ಲಿ ಟಿಕೆಟ್ ತೆಗೆದುಕೊಳ್ಳುತ್ತೇವೆ. 'ಒಂದು ರಾಜ್ಯ, ಹಲವು ಜಗತ್ತು' ಅಂತ ಪ್ರವಾಸೋದ್ಯಮದ ಜಾಹೀರಾತು ನೋಡುತ್ತೇವೆ. ಹಲವು ಬೀಗ ಅಂತಲೂ ಸೇರಿಸಿಬಿಡಿ.

ನೀವು ಉತ್ತರ ಕೊಡುವುದಿದ್ದರೆ 'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು' ಅಂತ ಮಾತ್ರ ಬೇಡ. ಅದು ನಮ್ಮ ಮನೆಯಲ್ಲಿ ಈಗಾಗಲೇ ಎರಡು ಕಾಪಿ ಇದೆ. ಹೊಸ ಯೋಜನೆಯೂ ಬೇಡ, ಸ್ಕೈವಾಕ್, ಗಾಜಿನ ಸೇತುವೆ ಎಲ್ಲ ಆಮೇಲೆ ನೋಡೋಣ. ನಿಮ್ಮ ನಿಮ್ಮ ಕ್ಷೇತ್ರದಲ್ಲಿ ಒಂದು ದಿನ ಕಾರಿನಲ್ಲಿ ಹೊರಡಿ, ಮನೆಯ ಹೆಂಗಸರನ್ನೂ ಕೂರಿಸಿಕೊಳ್ಳಿ, ಹೊರಡುವ ಮೊದಲು ಅವರಿಗೆ ಎರಡು ಲೋಟ ಕಾಫಿ ಕೊಡಿ, ಐಬಿಗೆ ಮಾತ್ರ ಹೋಗಬೇಡಿ. ಸಂಜೆಯೊಳಗೆ ಎಲ್ಲ ಬೀಗವೂ ತೆಗೆಸಿರುತ್ತೀರಿ.

ಡಿಸೆಂಬರ್ ರಜೆಗೆ ಮತ್ತೆ ಇದೇ ದಾರಿಯಲ್ಲಿ ಹೊರಡುತ್ತೇವೆ. ಅಮ್ಮನನ್ನು ಬೇಲೂರಿನವರೆಗಾದರೂ ಬಾ ಅಂತ ಕರೆಯಬೇಕು ಅಂತಿದ್ದೇನೆ. ಅದಕ್ಕೆ ಮೊದಲು ಬೀಗ ತೆಗೆಸಿ. ಕೀ ಎಲ್ಲಿದೆ ಅಂತ ನಿಮ್ಮವರಿಗೆ ಗೊತ್ತಾಗದಿದ್ದರೆ ಕೇಳಿ, ಗೃಹಪ್ರವೇಶಕ್ಕೆ ಹೋಗಿದ್ದ ಸಾರ್ ನಂಬರನ್ನು 'ಬೀಗದ ಕೈ' ಅಂತ ಸೇವ್ ಮಾಡಿಟ್ಟಿದ್ದೇನೆ.

ಇಂತಿ,
ಇದೇ ದಾರಿಯಲ್ಲಿ ಕಾರು ಓಡಿಸುವ ಒಬ್ಬ ಮಗಳು